ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಚಿತ್ರಕಲೆ: ಭಾನುವಾರದ ತರಗತಿಯಲ್ಲಿ ಏನು ಮಾಡಿಸಲಿ?

ಠಾಣೆ_ಭಾನುವಾರ

ಎಲ್ಲರಿಗೂ ನಮಸ್ಕಾರ. ಠಾಣೆಯ ನಮ್ಮ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಬೆಳಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ. ಬರುವವರೆಲ್ಲ ಒಂದರಿಂದ ಮೂರನೇ ಕ್ಲಾಸಿನವರು. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಶಾಲೆಯಲ್ಲಿ ಇಂಗ್ಲಿಷ್, ಆಟಕ್ಕೆ ಇಳಿದರೆ ಹಿಂದಿ, ಮರಾಠಿ. ಅಕ್ಷರ ಬರೆಸಿದರೆ ಅರ್ಧ ಗಂಟೆಗೇ ಬೇಸರ ಬರುತ್ತದೆ. ಅದಕ್ಕೆ ಎರಡನೇ ಗಂಟೆ ಚಿತ್ರಕಲೆಗೆ ಇಡೋಣ ಅಂತ ಎಲ್ಲರೂ ಸೇರಿ ತೀರ್ಮಾನಿಸಿದೆವು. ಆ ಗಂಟೆ ನನ್ನ ಪಾಲಿಗೆ ಬಂದಿದೆ.

ನಾನು ಚಿತ್ರ ಕಲಿತವಳಲ್ಲ. ಆದರೆ ಈ ಮಕ್ಕಳೆಂದರೆ ತುಂಬ ಇಷ್ಟ, ಅವರ ಒಂದು ಗಂಟೆ ದಂಡ ಆಗಬಾರದು ಅನ್ನುವ ಆಸೆ. ಮೊದಲ ವಾರ ಹಾಳೆ ಕೊಟ್ಟು "ಏನು ಬೇಕೋ ಬಿಡಿಸಿ" ಅಂದೆ. ಮುಕ್ಕಾಲು ಪಾಲು ಮಕ್ಕಳು ಬಿಡಿಸಿದ್ದು ಒಂದೇ ಚಿತ್ರ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ಒಂದು ಗುಡಿಸಲು, ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಹದಿನಾಲ್ಕನೇ ಮಹಡಿಯಲ್ಲಿ ಹುಟ್ಟಿ ಬೆಳೆದ ಹುಡುಗನೂ ಅದೇ ಗುಡಿಸಲು ಬಿಡಿಸಿದ. ಒಬ್ಬಳು ಮಾತ್ರ ಪೆನ್ಸಿಲ್ ಮುಟ್ಟಲೇ ಇಲ್ಲ. "ನಂಗೆ ಡ್ರಾಯಿಂಗ್ ಬರಲ್ಲ ಆಂಟಿ" ಅಂದಳು. ಅವಳಿಗೆ ಆರು ವರ್ಷ!

ನಾನು ಬೋರ್ಡ್ ಮೇಲೆ ಬಿಡಿಸಿ "ನೋಡಿ ಬರೆಯಿರಿ" ಅನ್ನಬೇಕಾ, ಅಥವಾ ಅವರ ಪಾಡಿಗೆ ಬಿಡಬೇಕಾ? ಯಾವ ಬಣ್ಣ ತರಲಿ? ಖರ್ಚಿಗೆ ದುಡ್ಡು ಕಮ್ಮಿ. ನೆಲದ ಟೈಲ್ಸ್ ಮೇಲೆ ಕಲೆಯಾದರೆ ಮುಂದಿನ ವಾರ ಹಾಲ್ ಸಿಗುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ಐರೋಲಿ_ಅಪ್ಪ

ಮೇಡಂ, ಒಳ್ಳೆ ಕೆಲಸ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬೋರ್ಡ್ ಮೇಲೆ ಬಿಡಿಸಿ ತೋರಿಸಿ. ಅಕ್ಷರವನ್ನು ನಾವು ತಿದ್ದಿಸಿಯೇ ಕಲಿಸುವುದಲ್ವಾ? "ನಿನಗೆ ತೋಚಿದ ಹಾಗೆ ಅ ಬರಿ" ಅಂತ ಯಾರೂ ಹೇಳುವುದಿಲ್ಲ. ಚಿತ್ರಕ್ಕೂ ಅದೇ ಕ್ರಮ. ಮೊದಲು ಆನೆ ಹೇಗೆ, ಮೀನು ಹೇಗೆ ಅಂತ ಕೈ ಪಳಗಲಿ.

ಇನ್ನೊಂದು ವಿಷಯ. ಮಹಾರಾಷ್ಟ್ರದಲ್ಲಿ ಹೈಸ್ಕೂಲ್ ಹೊತ್ತಿಗೆ ಚಿತ್ರಕಲೆಯ ಎಲಿಮೆಂಟರಿ, ಇಂಟರ್ಮೀಡಿಯೆಟ್ ಗ್ರೇಡ್ ಪರೀಕ್ಷೆ ಇರುತ್ತದೆ. ಇಂಟರ್ಮೀಡಿಯೆಟ್ ಪಾಸಾದರೆ ಹತ್ತನೇ ಕ್ಲಾಸಿನ ಎಸ್ಸೆಸ್ಸಿಯಲ್ಲಿ ಹೆಚ್ಚುವರಿ ಅಂಕವೂ ಸಿಗುತ್ತದೆ. ಚಿಕ್ಕಂದಿನಿಂದ ಅಭ್ಯಾಸ ಇದ್ದರೆ ಮಕ್ಕಳಿಗೇ ಒಳ್ಳೆಯದು. ನನ್ನ ಮಗಳು ಎರಡನೇ ಕ್ಲಾಸ್, ಕ್ಲಾಸಿಗೆ ಕಳಿಸುತ್ತೇನೆ, ಈಗ ನೀಟಾಗಿ ಬಣ್ಣ ತುಂಬುತ್ತಾಳೆ.

ಮಾಟುಂಗ_ಮೇಷ್ಟ್ರು

ತಂಗೀ, ನಾನು ಮುಂಬೈಯ ಕನ್ನಡ ಶಾಲೆಗಳಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತಿಯಾದವನು. ಹೋಟೆಲ್ ಕೆಲಸದವರ ಮಕ್ಕಳು, ಗಿರಣಿ ಕೆಲಸದವರ ಮಕ್ಕಳು, ಎಲ್ಲರೂ ನನ್ನ ಮುಂದೆ ಕೂತು ಬಿಡಿಸಿದ್ದಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆರೇಳು ವರ್ಷದ ಮಗುವಿನ ಚಿತ್ರಕ್ಕೆ ಅದರದೇ ಲೆಕ್ಕಾಚಾರ ಇರುತ್ತದೆ. ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವ ಶಿಕ್ಷಕರು 1947ರಲ್ಲಿ ಇದನ್ನು ವಯಸ್ಸಿನ ಪ್ರಕಾರ ವಿಂಗಡಿಸಿ ಬರೆದರು. ಸುಮಾರು 2ರಿಂದ 4 ವರ್ಷ ಗೀಚುವ ಕಾಲ. 4ರಿಂದ 7ರವರೆಗೆ ದೊಡ್ಡ ತಲೆಗೆ ನೇರ ಕಾಲು ಹಚ್ಚಿದ ಮನುಷ್ಯರು ಬರುತ್ತಾರೆ. 7ರಿಂದ 9ರವರೆಗೆ ಮಗು ತನ್ನದೇ ಒಂದು ಗುರುತು ಕಂಡುಕೊಳ್ಳುತ್ತದೆ. ಮನೆಗೆ ಒಂದು ಆಕಾರ, ಮರಕ್ಕೆ ಒಂದು ಆಕಾರ. ಹಾಳೆಯ ಕೆಳಗೆ ಒಂದು ಗೆರೆ ಎಳೆದು ಎಲ್ಲರನ್ನೂ ಅದರ ಮೇಲೆ ಸಾಲಾಗಿ ನಿಲ್ಲಿಸುತ್ತದೆ. ಆಕಾಶ ಮೇಲೆ ಒಂದು ನೀಲಿ ಪಟ್ಟಿ, ನಡುವೆ ಖಾಲಿ. ಬಸ್ಸಿನ ಹೊರಮೈ ಬಿಡಿಸಿ ಒಳಗೆ ಕೂತವರ ಕಾಲನ್ನೂ ತೋರಿಸುತ್ತದೆ. ಅಜ್ಜಿ ಅಂದರೆ ಪ್ರೀತಿ, ಹಾಗಾಗಿ ಅಜ್ಜಿ ಬಾಗಿಲಿಗಿಂತ ದೊಡ್ಡವಳು. ಕಣ್ಣಿಗೆ ಕಂಡದ್ದರ ಜೊತೆಗೆ ತನಗೆ ಗೊತ್ತಿರುವುದನ್ನೂ ಮಗು ಬಿಡಿಸುತ್ತದೆ. ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಒಂಬತ್ತು ಹತ್ತು ವರ್ಷಕ್ಕೆ ಮಗುವೇ "ಇದು ನಿಜದ ಹಾಗೆ ಕಾಣಲ್ಲ" ಅನ್ನಲು ಶುರು ಮಾಡುತ್ತದೆ. ದೂರ ಹತ್ತಿರ, ನೆರಳು ಬೆಳಕು ಹೇಳಿಕೊಡಲು ಅದೇ ಸರಿಯಾದ ಹೊತ್ತು.

ಈಗ ಬೋರ್ಡಿನ ಮಾತು. ನೀವು ಬೋರ್ಡ್ ಮೇಲೆ ಆನೆ ಬಿಡಿಸಿದರೆ ಮಕ್ಕಳು ನಿಮ್ಮ ಆನೆಯನ್ನು ನೋಡುತ್ತಾರೆ. ಅದು ತನ್ನ ಕೈಯಲ್ಲಿ ಬರುವುದಿಲ್ಲ ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ದೊಡ್ಡವರ ಕೈಯ ಗೆರೆಯೊಂದಿಗೆ ತನ್ನ ಗೆರೆಯನ್ನು ಪಕ್ಕಪಕ್ಕ ಇಟ್ಟು ನೋಡಿದ ಮಗು "ನಂಗೆ ಬರಲ್ಲ" ಅನ್ನದೆ ಇನ್ನೇನು ಹೇಳುತ್ತದೆ? ಹಾಗಂತ ಖಾಲಿ ಹಾಳೆ ಕೊಟ್ಟು ಬಿಟ್ಟುಬಿಟ್ಟರೂ ಆಗುವುದಿಲ್ಲ. ಏನೂ ಕೊಡದಿದ್ದರೆ ಮಗು ಕೈಗೆ ಸುಲಭವಾಗಿ ಸಿಗುವುದನ್ನೇ ಬಿಡಿಸುತ್ತದೆ, ಅದೇ ಆ ಸೀನರಿ. ಮಕ್ಕಳ ಮುಂದೆ ನೋಡಲು ಒಂದು ವಸ್ತು ಇಡಿ. ಅದನ್ನು ನೋಡಲು ಸಾಕಷ್ಟು ಹೊತ್ತು ಕೊಡಿ. ಈ ವಯಸ್ಸಿನಲ್ಲಿ ಮೇಷ್ಟ್ರ ಕೆಲಸ ಇಷ್ಟೇ, ಆದರೆ ಇದನ್ನು ಪೂರ್ತಿ ಮನಸ್ಸಿಟ್ಟು ಮಾಡಬೇಕು.

ಡೊಂಬಿವಲಿ_ಲೋಕಲ್

ಮೇಷ್ಟ್ರೇ, ಒಂದು ಪಾಠ ಪೂರ್ತಿ ಹೇಗೆ ಮಾಡಿಸುತ್ತಿದ್ರಿ ಅಂತ ಹೇಳಿ. ನಾನು ಅಪ್ಲೈಡ್ ಆರ್ಟ್ ಓದುತ್ತಿದ್ದೇನೆ. ಮಕ್ಕಳಿಗೆ ಹೇಳಿಕೊಡುವುದು ನಮಗೆ ಯಾರೂ ಕಲಿಸುವುದಿಲ್ಲ.

ಮಾಟುಂಗ_ಮೇಷ್ಟ್ರು

ಹಾಗಲಕಾಯಿ ಪಾಠ ಹೇಳುತ್ತೇನೆ, ಕೇಳು ಮಗಾ.

ಮೂರು ನಾಲ್ಕು ಹಾಗಲಕಾಯಿ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಮಕ್ಕಳಿಗೆ ತೋರಿಸಬಾರದು. ಒಬ್ಬೊಬ್ಬರಾಗಿ ಚೀಲದೊಳಗೆ ಕೈ ಹಾಕಿ ಮುಟ್ಟಲಿ, ಹೆಸರು ಹೇಳುವ ಹಾಗಿಲ್ಲ, ಹೇಗಿದೆ ಅಂತ ಮಾತ್ರ ಹೇಳಬೇಕು. ತರಿತರಿ ಇದೆ, ಚೂಪು ಇದೆ, ತಣ್ಣಗಿದೆ, ಮೊಸಳೆ ಅಂತೆಲ್ಲ ಬರುತ್ತದೆ. ಕನ್ನಡ ತಡವರಿಸುವ ಮಗುವಿನ ಬಾಯಲ್ಲೂ ಆಗ ಮಾತು ಬರುತ್ತದೆ, ಯಾಕೆಂದರೆ ಹೇಳಲು ಅದಕ್ಕೆ ಏನೋ ಸಿಕ್ಕಿದೆ. ಆಮೇಲೆ ಮುಟ್ಟಿದ್ದು ಹೇಗಿತ್ತು ಅಂತ ಕ್ರೇಯಾನ್‌ನಲ್ಲಿ ಒಂದು ಸಣ್ಣ ಚೂರು ಹಾಳೆಯ ಮೇಲೆ ಗೀಚಲಿ. ಕಾಯಿ ಬಿಡಿಸುವುದು ಬೇಡ, ಆ ತರಿ ಮಾತ್ರ.

ಆಮೇಲೆ ಹೊರಗೆ ತೆಗೆಯಿರಿ. ನಾಲ್ಕೈದು ಮಕ್ಕಳ ನಡುವೆ ಒಂದು ಕಾಯಿ. ತುದಿ ಎಲ್ಲಿ ಸಣ್ಣ ಆಗುತ್ತದೆ? ಉಬ್ಬು ಗೆರೆ ನೇರ ಹೋಗುತ್ತದಾ, ಸೊಟ್ಟ ಹೋಗುತ್ತದಾ? ತೊಟ್ಟಿನ ಹತ್ತಿರ ಹಸಿರು ಬೇರೆ ಇದೆಯಾ? ಪೆನ್ಸಿಲ್ ಮುಟ್ಟುವ ಮೊದಲು ಬೆರಳಿನಿಂದ ಗಾಳಿಯಲ್ಲಿ ಅದರ ಅಂಚು ಎಳೆಯಲಿ. ಆಮೇಲೆ ದೊಡ್ಡ ಹಾಳೆ. ಕಾಯಿ ಹಾಳೆಯ ಈ ತುದಿಯಿಂದ ಆ ತುದಿ ಮುಟ್ಟಬೇಕು ಅನ್ನುವುದೊಂದೇ ನಿಯಮ. ರಬ್ಬರ್ ಕೊಡಬೇಡಿ. ಕೊಟ್ಟರೆ ಅರ್ಧ ಮಕ್ಕಳು ಗಂಟೆಯೆಲ್ಲ ಅಳಿಸುತ್ತಲೇ ಕೂರುತ್ತಾರೆ. ಗೆರೆ ಬೇರೆ ಕಡೆ ಹೋದರೆ ಪಕ್ಕದಲ್ಲಿ ಇನ್ನೊಂದು ಎಳೆಯಲಿ.

ಕೊನೆಯ ಹತ್ತು ನಿಮಿಷ, ನೀವೇ ಕಾಯಿ ಅಡ್ಡ ಕತ್ತರಿಸಿ. ಒಳಗಿನ ಬಿಳಿ ತಿರುಳು, ಬೀಜದ ಸಾಲು ನೋಡಿ ಮಕ್ಕಳು ಬೆರಗಾಗುತ್ತಾರೆ. ಹಣ್ಣಾದ ಕಾಯಿ ಒಂದು ಸಿಕ್ಕರೆ ಇನ್ನೂ ಒಳ್ಳೆಯದು, ಬೀಜದ ಸುತ್ತ ಕಡುಕೆಂಪು ಇರುತ್ತದೆ. ಕತ್ತರಿಸಿದ ಬಿಲ್ಲೆಯನ್ನು ಬಣ್ಣದಲ್ಲಿ ಅದ್ದಿ ಹಾಳೆಯ ಅಂಚಿಗೆ ಅಚ್ಚು ಒತ್ತಲಿ. ಬೆಂಡೆಕಾಯಿಗೂ ಹೀಗೇ ಮಾಡಬಹುದು, ಅದರ ಅಚ್ಚು ಹೂವಿನ ಆಕಾರದಲ್ಲಿ ಬರುತ್ತದೆ.

ಇಡೀ ಗಂಟೆ ಒಂದೇ ತರಕಾರಿ. ಇಪ್ಪತ್ತು ಮಕ್ಕಳಿದ್ದರೆ ಇಪ್ಪತ್ತು ಬೇರೆ ಬೇರೆ ಹಾಗಲಕಾಯಿ ಸಿಗುತ್ತವೆ.

ಐರೋಲಿ_ಅಪ್ಪ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಕೇಳುತ್ತೇನೆ. ನಮ್ಮಮ್ಮ ರಂಗೋಲಿ ಕಲಿತದ್ದು ಅವರಮ್ಮ ಹಾಕಿದ್ದನ್ನು ನೋಡಿ ನೋಡಿ. ಇಷ್ಟು ಚುಕ್ಕಿ, ಇಷ್ಟು ಸಾಲು, ಹೀಗೇ ಗೆರೆ. ಯಕ್ಷಗಾನದಲ್ಲಿ ಮುಖವರ್ಣಿಕೆಯೂ ಹಾಗೇ, ಹಿರಿಯರು ಬರೆದದ್ದನ್ನು ಕಿರಿಯರು ಬರೆಯುತ್ತಾರೆ. ಅದೆಲ್ಲ ಕಾಪಿಯೇ ಅಲ್ವಾ? ಅದರಿಂದ ಯಾರ ಕಲ್ಪನೆಯೂ ಸಾಯಲಿಲ್ಲ.

ವಾಸ್ಕೋ_ಟೀಚರ್

ಇದು ಒಳ್ಳೆಯ ಪ್ರಶ್ನೆ, ಅಣ್ಣ. ಸುಮ್ಮನೆ ತಳ್ಳಿಹಾಕಬಾರದು.

ನಾನು ಗೋವಾದಲ್ಲಿ ಟೀಚರ್. ನಮ್ಮ ಮಕ್ಕಳ ತಂದೆತಾಯಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಕೆಲಸಕ್ಕೆ ಬಂದವರು. ರಂಗೋಲಿ ನಾನೂ ಕ್ಲಾಸಿನಲ್ಲಿ ಹಾಕಿಸುತ್ತೇನೆ. ಆದರೆ ರಂಗೋಲಿಯಲ್ಲಿ ಅಜ್ಜಿ ಮೊಮ್ಮಗಳಿಗೆ ಕೊಡುವುದು ಒಂದು ಕ್ರಮ. ಚುಕ್ಕಿ ಇಡುವ ಕ್ರಮ, ಚುಕ್ಕಿಯ ಸುತ್ತ ಗೆರೆ ಬಳಸುವ ಕ್ರಮ. ಆ ಕ್ರಮ ಗೊತ್ತಾದ ಮೇಲೆ ಹುಡುಗಿ ತಾನೇ ಹೊಸದು ಹಾಕುತ್ತಾಳೆ. ನಾಲ್ಕು ದಿನ ಕಳೆದರೆ ಅಜ್ಜಿಯೇ "ಇದು ಹೆಂಗ ಹಾಕಿದಿ?" ಅಂತ ಕೇಳುವ ಹಾಗೆ ಆಗುತ್ತದೆ. ಅದೂ ಅಲ್ಲದೆ ರಂಗೋಲಿ ದಿನಾ ಅಳಿಸಿಹೋಗುತ್ತದೆ. ನಾಳೆ ಮತ್ತೆ ಹಾಕಬಹುದು ಅಂತ ಗೊತ್ತಿರುವುದರಿಂದ ಹೆದರಿಕೆ ಇರುವುದಿಲ್ಲ.

ಹಾಗಾಗಿ ನಾನು ಮಾಡುವುದು ಹೀಗೆ. ಐದು ಸಾಲು ಐದು ಚುಕ್ಕಿ ಎಲ್ಲರಿಗೂ ಒಂದೇ. ಚುಕ್ಕಿ ಎಣಿಸುವುದು, ಸಾಲು ಸಮ ಇಡುವುದು ಕಲಿಯಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಗೆರೆ ಮಾತ್ರ ಅವರವರದು. ಕಲಿಸಬೇಕಾದ್ದನ್ನು ಗಟ್ಟಿಯಾಗಿ ಕಲಿಸಬೇಕು. ಕತ್ತರಿ ಹಿಡಿಯುವುದು, ಬ್ರಷ್ ತೊಳೆಯುವುದು, ಅಂಟು ತೆಳ್ಳಗೆ ಹಚ್ಚುವುದು, ಹಳದಿಗೆ ನೀಲಿ ಸ್ವಲ್ಪ ಸ್ವಲ್ಪವೇ ಸೇರಿಸಿ ಹಸಿರು ಮಾಡುವುದು, ಇದೆಲ್ಲ ತೋರಿಸಿಯೇ ಕೊಡಬೇಕು. ಚಿತ್ರ ಯಾವುದರದು, ಹೇಗಿರಬೇಕು ಅನ್ನುವುದನ್ನು ಮಾತ್ರ ಮಗುವಿಗೆ ಬಿಡಬೇಕು.

ನಮ್ಮ ಹುಡುಗರಲ್ಲಿ ಕೆಲವರ ಅಪ್ಪಂದಿರು ಕಟ್ಟಡದ ಕೆಲಸದವರು. ಅವರು ಬಿಡಿಸುವ ಜೆಸಿಬಿ ನೋಡಬೇಕು ನೀವು! ಬಕೆಟ್‌ನ ಹಲ್ಲು, ಸರಪಳಿ, ಒಳಗೆ ಕೂತ ಡ್ರೈವರ್, ಎಲ್ಲ ಇರುತ್ತದೆ. ಯಾರೂ ಹೇಳಿಕೊಟ್ಟಿಲ್ಲ. ದಿನಾ ನೋಡಿದ್ದಾರೆ, ಮನಸ್ಸಿಟ್ಟು ನೋಡಿದ್ದಾರೆ. ಅದೇ ಹುಡುಗನಿಗೆ ಪುಸ್ತಕದ ನವಿಲು ಕಾಪಿ ಮಾಡು ಅಂದರೆ ಅಳುಮುಖ ಮಾಡುತ್ತಾನೆ.

ಮುಲುಂಡ್_ಥೆರಪಿಸ್ಟ್

ನಾನು ಆಕ್ಯುಪೇಷನಲ್ ಥೆರಪಿಸ್ಟ್, ಮಕ್ಕಳ ಕೈಬೆರಳಿನ ಕೆಲಸದ ಬಗ್ಗೆ ದಿನಾ ನೋಡುತ್ತೇನೆ. ಆ ಕಡೆಯಿಂದ ಒಂದಷ್ಟು ಹೇಳುತ್ತೇನೆ.

ಆರು ವರ್ಷಕ್ಕೆ ಮಣಿಕಟ್ಟು, ಬೆರಳಿನ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ಉದ್ದ ಕ್ರೇಯಾನ್ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುತ್ತಾರೆ. ತುಂಡು ಮಾಡಿದ ಗಿಡ್ಡ ಕ್ರೇಯಾನ್ ಕೊಡಿ, ತಾನಾಗಿ ಮೂರು ಬೆರಳಿನಲ್ಲಿ ಹಿಡಿಯುತ್ತಾರೆ. ಮುರಿದ ಕ್ರೇಯಾನ್ ಎಸೆಯಬೇಡಿ. ಹಾಳೆಯನ್ನು ಆಗಾಗ ಗೋಡೆಗೆ ಟೇಪ್ ಹಚ್ಚಿ ನಿಂತು ಬಿಡಿಸಲು ಹೇಳಿ. ತೋಳು, ಮಣಿಕಟ್ಟು ಎರಡಕ್ಕೂ ಒಳ್ಳೆಯದು, ಗೆರೆಯೂ ದೊಡ್ಡದಾಗುತ್ತದೆ. ಕತ್ತರಿ ಕೊಡುವ ಮೊದಲು ಕಾಗದ ಹರಿಯಲು ಕಲಿಸಿ. ಉದ್ದ ಪಟ್ಟಿ, ಸಣ್ಣ ಚೂರು, ಗುಂಡಗೆ ಹರಿಯುವುದು. ಹರಿದ ಚೂರು ಅಂಟಿಸಿಯೇ ಚೆಂದದ ಚಿತ್ರ ಆಗುತ್ತದೆ. ಎಡಗೈ ಮಗು ಇದ್ದರೆ ಎಡಗೈಯ ಕತ್ತರಿ ಒಂದು ತನ್ನಿ, ಸಾಲಿನ ಎಡ ತುದಿಯಲ್ಲಿ ಕೂರಿಸಿ. ಇಲ್ಲದಿದ್ದರೆ ಪಕ್ಕದವರ ಮೊಣಕೈ ತಾಗುತ್ತಲೇ ಇರುತ್ತದೆ.

ಕೆಲವು ಮಕ್ಕಳು ಜೇಡಿಮಣ್ಣು, ಬೆರಳಿನ ಬಣ್ಣ ಮುಟ್ಟುವುದೇ ಇಲ್ಲ. ಹಟ ಅಂದುಕೊಳ್ಳಬೇಡಿ. ಕೈಗೆ ಅಂಟುವುದು ಅವರಿಗೆ ನಿಜವಾಗಿ ಕಷ್ಟ. ಮಣ್ಣನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒತ್ತಲು ಕೊಡಿ, ಅಥವಾ ಕಡ್ಡಿ ಕೊಡಿ.

ಇನ್ನೊಂದು ತುಂಬ ಮುಖ್ಯ. ಒಂದು ಮಗು ಪದೇಪದೇ ಎಲೆಗೆ ಕಂದು, ಮರದ ಕಾಂಡಕ್ಕೆ ಹಸಿರು ಹಚ್ಚಿದರೆ ಬೈಯಬೇಡಿ, ನಗಬೇಡಿ. ಬಣ್ಣ ಗುರುತಿಸುವ ತೊಂದರೆ ಇರಬಹುದು. ಕೆಂಪು ಹಸಿರಿನ ಈ ತೊಂದರೆ ಹುಟ್ಟಿನಿಂದ ಬರುತ್ತದೆ, ಹುಡುಗಿಯರಿಗಿಂತ ಹುಡುಗರಲ್ಲಿ ತುಂಬ ಜಾಸ್ತಿ. ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ, ತಾಯಿಗೆ ಗೊತ್ತೂ ಇರುವುದಿಲ್ಲ. ತಂದೆತಾಯಿಗೆ ಮೆತ್ತಗೆ ಹೇಳಿ ಕಣ್ಣಿನ ಡಾಕ್ಟರ್ ಹತ್ತಿರ ಕಳಿಸಿ. ಕ್ರೇಯಾನ್ ಮೇಲೆ ಕನ್ನಡದಲ್ಲಿ ಬಣ್ಣದ ಹೆಸರು ಬರೆದ ಚೀಟಿ ಸುತ್ತಿಡಿ. ಓದುವುದೂ ಆಯಿತು, ಆ ಮಗುವಿಗೆ ಅನುಕೂಲವೂ ಆಯಿತು.

ಠಾಣೆ_ಭಾನುವಾರ

ಚೀಟಿಯ ವಿಷಯ ತುಂಬ ಚೆನ್ನಾಗಿದೆ ಮೇಡಂ, ಖಂಡಿತ ಮಾಡುತ್ತೇನೆ. "ಬರಲ್ಲ" ಅಂದ ಹುಡುಗಿಗೆ ಏನು ಮಾಡಲಿ? ಅವಳ ಮುಖ ನೆನಪಾದರೆ ಸಂಕಟ ಆಗುತ್ತದೆ. ಮಕ್ಕಳು ಚಿತ್ರ ತಂದು ತೋರಿಸಿದಾಗ ಏನು ಹೇಳಬೇಕು ಅನ್ನುವುದೂ ನನಗೆ ತಿಳಿಯುವುದಿಲ್ಲ. ಎಲ್ಲರಿಗೂ "ಸೂಪರ್" ಅನ್ನುತ್ತಿದ್ದೇನೆ.

ಕೋಥ್ರೂಡ್_ಅಮ್ಮ

ಅಕ್ಕ, ಅವಳಿಗೆ ಗೆರೆ ಎಳೆಯುವ ಕೆಲಸವೇ ಬೇಡ, ಮೊದಲ ಎರಡು ಮೂರು ವಾರ. ಎಲೆಯ ಮೇಲೆ ಹಾಳೆ ಇಟ್ಟು ಕ್ರೇಯಾನ್ ಅಡ್ಡ ಹಿಡಿದು ಉಜ್ಜಲಿ. ನಾಣ್ಯ, ಬುಟ್ಟಿ, ಚಪ್ಪಲಿಯ ಅಡಿ, ಏನಾದರೂ ಸರಿ. ಕೆಳಗಿದ್ದದ್ದು ಮೇಲೆ ಮೂಡಿ ಬಂದಾಗ ಮಗುವಿನ ಕಣ್ಣು ಅರಳುತ್ತದೆ. ಇಲ್ಲವೇ ಮೇಣದಬತ್ತಿಯಲ್ಲಿ ಬಿಳಿ ಹಾಳೆಯ ಮೇಲೆ ಗೀಚಿ, ನೀರುಬಣ್ಣ ಹಚ್ಚಲು ಹೇಳಿ. ಮೇಣ ಇದ್ದಲ್ಲಿ ನೀರು ನಿಲ್ಲುವುದಿಲ್ಲ, ಬಿಳಿ ಗೆರೆ ಎದ್ದು ಕಾಣುತ್ತದೆ. ಇಂಥದ್ದರಲ್ಲಿ ಬರುತ್ತದೆ, ಬರಲ್ಲ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಪುಣೆಯಲ್ಲಿ ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕಿಲ್ಲಾ, ಅಂದರೆ ಪುಟ್ಟ ಕೋಟೆ, ಕಟ್ಟುತ್ತಾರೆ, ನೀವೂ ಅಲ್ಲಿ ನೋಡಿರುತ್ತೀರಿ. ಕಲ್ಲು, ಇಟ್ಟಿಗೆ, ಗೋಣಿಚೀಲ, ಮೇಲೆ ಕೆಸರು. ಬುರುಜು, ಮೆಟ್ಟಿಲು, ಕೆರೆ. ಸಾಸಿವೆ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಹಸಿರು ಬೆಟ್ಟ. ತುದಿಯಲ್ಲಿ ಶಿವಾಜಿ ಮಹಾರಾಜರು, ಕೆಳಗೆ ಮಾವಳೆ ಸೈನಿಕರು. ದೊಡ್ಡವರ ಕೈ ಕಮ್ಮಿ, ಮಕ್ಕಳೇ ಜಗಳವಾಡಿ, ಕೆಡವಿ, ಮತ್ತೆ ಕಟ್ಟುತ್ತಾರೆ. ನನ್ನ ಮಗ ಕಾಗದದ ಮೇಲೆ ಬಿಡಿಸಲು ಹಿಂಜರಿಯುವವನು, ಕಿಲ್ಲಾದ ಮುಂದೆ ಊಟಕ್ಕೂ ಏಳುವುದಿಲ್ಲ. ಎಲ್ಲ ಮಕ್ಕಳ ಕೈಯೂ ಪೆನ್ಸಿಲ್ ಕಡೆಗೇ ಹೋಗಬೇಕು ಅಂತಿಲ್ಲ.

ಕಸದಿಂದ ಆಟಿಕೆ ಮಾಡಿಸುವುದಕ್ಕೆ ನಮ್ಮೂರಿನಲ್ಲಿ ಬಹಳ ವರ್ಷ ಕೆಲಸ ಮಾಡಿದ ಅರವಿಂದ ಗುಪ್ತಾ ಅವರನ್ನು ನೋಡಿ. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬ್ ಇಷ್ಟರಲ್ಲೇ ಎಷ್ಟೊಂದು ಆಕಾರ ಮಾಡಿಸುತ್ತಾರೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಪುಸ್ತಕ, ವಿಡಿಯೋ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ.

ಮಾಟುಂಗ_ಮೇಷ್ಟ್ರು

ಏನು ಹೇಳಬೇಕು ಅಂತ ಕೇಳಿದ್ರಿ. "ಇದೇನಿದು?" ಅಂತ ಮಾತ್ರ ಕೇಳಬೇಡಿ. ಮಗುವಿಗೆ ಅದು ಸ್ಪಷ್ಟವಾಗಿ ಕುದುರೆ. ನಿಮಗೆ ಗೊತ್ತಾಗಲಿಲ್ಲ ಅಂದರೆ ಅದಕ್ಕೆ ಬೇಜಾರಾಗುತ್ತದೆ. "ಇದರ ಬಗ್ಗೆ ಹೇಳು" ಅನ್ನಿ. ಎಲ್ಲರಿಗೂ ಸೂಪರ್ ಅಂದರೆ ನೀವು ನೋಡಲಿಲ್ಲ ಅಂತ ಮಕ್ಕಳಿಗೆ ತಿಳಿಯುತ್ತದೆ. ಕಂಡದ್ದನ್ನು ಹೇಳಿ. "ಇಲ್ಲಿ ತುಂಬ ಒತ್ತಿ ಬಣ್ಣ ಹಚ್ಚಿದ್ದೀಯ." "ಈ ಕಾಗೆಯ ಕಾಲಿಗೆ ಉಗುರೂ ಬಿಡಿಸಿದ್ದೀಯಲ್ಲ." ಇಷ್ಟು ಸಾಕು, ಮುಂದಿನ ಸಲ ಆ ಮಗು ಕಾಗೆಯನ್ನು ಇನ್ನೂ ಹತ್ತಿರದಿಂದ ನೋಡುತ್ತದೆ.

ಮಗುವಿನ ಹಾಳೆಯ ಮೇಲೆ ನೀವು ಗೆರೆ ಎಳೆಯಬೇಡಿ. ಏನಾದರೂ ತೋರಿಸಲೇಬೇಕಾದರೆ ಬೇರೆ ಚೂರು ಕಾಗದದಲ್ಲಿ ತೋರಿಸಿ ಮಡಚಿ ಜೇಬಿಗೆ ಹಾಕಿಕೊಳ್ಳಿ. ಚಿತ್ರದ ಹಿಂದೆ ತಾರೀಕು ಹಾಕಿ, ಮಗು ಹೇಳಿದ ಒಂದು ಮಾತನ್ನು ಅದರ ಮಾತಿನಲ್ಲೇ ಕನ್ನಡದಲ್ಲಿ ಬರೆದಿಡಿ.

ಸೀನರಿ ಬಿಡಿಸುವ ಮಕ್ಕಳನ್ನು ತಡೆಯಬೇಡಿ. ಪಕ್ಕದಲ್ಲಿ ಕೂತು ಕೇಳಿ. ಈ ಮನೆಯಲ್ಲಿ ಯಾರಿದ್ದಾರೆ? ಸ್ಕೂಲ್ ಬಸ್ ಎಲ್ಲಿ ನಿಲ್ಲುತ್ತದೆ? ನಿಮ್ಮ ಕಿಟಕಿಯಿಂದ ಏನು ಕಾಣುತ್ತದೆ? ಆಗ ಬೆಟ್ಟದ ಕೆಳಗೆ ನೀರಿನ ಟ್ಯಾಂಕರ್ ಬರುತ್ತದೆ, ಗ್ರಿಲ್ ಮೇಲೆ ಪಾರಿವಾಳ ಬರುತ್ತದೆ, ಬಿಳಿ ನೇರಳೆ ಲೋಕಲ್ ರೈಲು ಬರುತ್ತದೆ. ಅಂಥ ಚಿತ್ರ ಕಂಡರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಡೊಂಬಿವಲಿ_ಲೋಕಲ್

ಖರ್ಚಿನ ಬಗ್ಗೆ ನಾನು ಹೇಳಬಲ್ಲೆ. ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಬೇಡ. ಪೋಸ್ಟರ್ ಕಲರ್‌ನಲ್ಲಿ ಕೆಂಪು, ಹಳದಿ, ನೀಲಿ, ಬಿಳಿ ದೊಡ್ಡ ಬಾಟಲಿ ತನ್ನಿ, ಉಳಿದದ್ದು ಮಕ್ಕಳೇ ಕಲಸಲಿ. "ಸ್ಕಿನ್ ಕಲರ್ ಕೊಡಿ" ಅಂತ ಎಲ್ಲ ಮಕ್ಕಳೂ ಆ ತಿಳಿಗುಲಾಬಿ ಕ್ರೇಯಾನ್ ಕೇಳುತ್ತಾರೆ. ನಮ್ಮಲ್ಲಿ ಯಾರ ಮೈಬಣ್ಣ ಅದು? ಕೆಂಪು, ಹಳದಿ, ಚೂರೇ ಚೂರು ನೀಲಿ, ಬೇಕಾದಷ್ಟು ಬಿಳಿ ಕಲಸಿ ಪ್ರತಿ ಮಗುವೂ ತನ್ನ ಮುಂಗೈ ಪಕ್ಕದಲ್ಲಿ ಹಚ್ಚಿ ನೋಡಲಿ. ಯಾರದೂ ಯಾರ ಹಾಗೂ ಇರುವುದಿಲ್ಲ, ಎಲ್ಲರದೂ ಚೆಂದ.

ಬ್ರಷ್ ದಪ್ಪದ್ದೇ ಇರಲಿ, 8 ಅಥವಾ 10 ನಂಬರ್. ಹಾಳೆಗೆ ಪ್ರಿಂಟಿಂಗ್ ಪ್ರೆಸ್‌ಗಳಲ್ಲಿ ಕೇಳಿ, ಕತ್ತರಿಸಿ ಉಳಿದ ಪಟ್ಟಿಗಳು ಕಡಿಮೆ ದುಡ್ಡಿಗೆ ಸಿಗುತ್ತವೆ. ರದ್ದಿ ಅಂಗಡಿಯಲ್ಲಿ ಹಳೇ ಕ್ಯಾಲೆಂಡರ್ ತಗೊಳ್ಳಿ, ಹಿಂಬದಿ ಪೂರ್ತಿ ಬಿಳಿ. ನೆಲಕ್ಕೆ ಹಳೇ ಫ್ಲೆಕ್ಸ್ ಬ್ಯಾನರ್ ಹಾಸಿ. ಠಾಣೆಯಲ್ಲಿ ಫ್ಲೆಕ್ಸ್‌ಗೆ ಬರಗಾಲ ಇಲ್ಲ, ಹಬ್ಬ ಮುಗಿದ ಮೇಲೆ ಮಂಡಳಿಯವರನ್ನು ಕೇಳಿದರೆ ಕೊಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಂದಿನ ವಾರಕ್ಕೂ ಬರುತ್ತದೆ.

ವಾಸ್ಕೋ_ಟೀಚರ್

ಅಡುಗೆಮನೆಯ ಬಣ್ಣವೂ ಇದೆ. ಅರಿಶಿನ ನೀರಿನಲ್ಲಿ ಕಲಸಿ ಹಾಳೆಗೆ ಬಳಿದು ಒಣಗಿಸಿ. ಅಡುಗೆ ಸೋಡಾ ಕಲಸಿದ ನೀರಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಬರೆದರೆ ಹಳದಿ ಕೆಂಪಗೆ ತಿರುಗುತ್ತದೆ. ನಿಂಬೆರಸ ಬಿದ್ದಲ್ಲಿ ಮತ್ತೆ ಹಳದಿ. ಆರತಿಯ ಓಕುಳಿಗೆ ಅರಿಶಿನಕ್ಕೆ ಸುಣ್ಣ ಸೇರಿಸುತ್ತಾರಲ್ಲ, ಅದೇ ಗುಟ್ಟು. ಆದರೆ ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಹೋದರೆ ಅಪಾಯ. ಸೋಡಾ ಸಾಕು. ಅರಿಶಿನದ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಹಳೇ ಅಂಗಿ ಹಾಕಿ ಕಳಿಸಲು ಮನೆಗೆ ಮೊದಲೇ ಹೇಳಿ.

ನಿಮ್ಮ ಠಾಣೆಯ ಪಕ್ಕದ ಪಾಲ್ಘರ್ ವಾರ್ಲಿ ಬುಡಕಟ್ಟಿನವರ ಗೋಡೆ ಚಿತ್ರದ ಊರು. 2014ರವರೆಗೆ ಅದೂ ಠಾಣೆ ಜಿಲ್ಲೆಯೇ ಆಗಿತ್ತು. ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಜಜ್ಜಿದ ಬಿದಿರು ಕಡ್ಡಿಯೇ ಬ್ರಷ್. ತ್ರಿಕೋನ, ವೃತ್ತ, ಚೌಕ ಇಷ್ಟರಲ್ಲೇ ಮದುವೆ, ಸುಗ್ಗಿ, ತಾರ್ಪಾ ಅನ್ನುವ ಊದುವ ವಾದ್ಯದ ಕುಣಿತ ಎಲ್ಲ ಬರುತ್ತದೆ. ನಮ್ಮ ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರವನ್ನೂ ಪಕ್ಕದಲ್ಲಿ ತೋರಿಸಿ. ಅಲ್ಲೂ ಕೆಮ್ಮಣ್ಣು, ಅಲ್ಲೂ ಅಕ್ಕಿಹಿಟ್ಟು, ಬ್ರಷ್ ಮಾತ್ರ ಪುಂಡಿ ನಾರಿನದು. ಹುಟ್ಟಿದ ಊರಿನ ಗೋಡೆ, ಅಪ್ಪ ಅಮ್ಮನ ಊರಿನ ಗೋಡೆ, ಎರಡನ್ನೂ ಒಟ್ಟಿಗೆ ನೋಡುವ ಭಾಗ್ಯ ನಿಮ್ಮ ಮಕ್ಕಳಿಗೆ ಇದೆ. ಅದನ್ನು ಬಿಡಬೇಡಿ.

ಒಂದು ಎಚ್ಚರಿಕೆ. ವಾರ್ಲಿಯನ್ನು ವರ್ಕ್‌ಶೀಟ್ ಮಾಡಿ ಅದೇ ಬೊಂಬೆ ತುಂಬಿಸಬೇಡಿ. ವಾರ್ಲಿ ಕಲಾವಿದ ಜಿವ್ಯಾ ಸೋಮಾ ಮಶೆ ಅವರು ತಮ್ಮ ಸುತ್ತಲಿನ ಬದುಕನ್ನೇ ಬಿಡಿಸಿದವರು, 2011ರಲ್ಲಿ ಪದ್ಮಶ್ರೀ ಪಡೆದರು. ಎರಡು ತ್ರಿಕೋನದಲ್ಲಿ ಒಬ್ಬ ಮನುಷ್ಯ ಆಗುತ್ತಾನೆ ಅಂತ ತೋರಿಸಿ. ಆಮೇಲೆ ಆ ಮನುಷ್ಯರು ಠಾಣೆ ಸ್ಟೇಷನ್‌ನಲ್ಲಿ ರೈಲು ಹತ್ತಲಿ.

ಐರೋಲಿ_ಅಪ್ಪ

ಕ್ರಮ ಕಲಿಸಿ, ಚಿತ್ರ ಬಿಡಿ ಅಂತ ನೀವು ಹೇಳಿದ್ದು ನನಗೆ ಒಪ್ಪಿಗೆ ಆಯಿತು ಟೀಚರ್. ಆದರೂ ಪರೀಕ್ಷೆಗೆ ತಯಾರಿ ಬೇಡವೇ? ಮತ್ತೆ ತಂದೆತಾಯಿ ಕೇಳುತ್ತಾರೆ, ಸರ್ಟಿಫಿಕೇಟ್ ಏನು, ಸ್ಪರ್ಧೆ ಯಾವಾಗ ಅಂತ. ಅವರಿಗೆ ಏನು ಹೇಳುವುದು?

ವಾಸ್ಕೋ_ಟೀಚರ್

ಅಣ್ಣ, 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದ ಮಕ್ಕಳಿಗೇ ಮೀಸಲು. ಒಂದು ಎರಡನೇ ಕ್ಲಾಸ್ ಅದರೊಳಗೆ ಬರುತ್ತದೆ. ಮಗುವನ್ನು ಗಮನಿಸಿ, ಅದು ಮಾಡಿದ ಕೆಲಸ ನೋಡಿ ಅಳೆಯಿರಿ ಅನ್ನುವುದು ಅಲ್ಲಿನ ದಾರಿ. ಮೂರನೇ ಕ್ಲಾಸಿಗೆ ಎನ್‌ಸಿಇಆರ್‌ಟಿ 2024ರಲ್ಲಿ ಕಲೆಗೇ ಒಂದು ಪಠ್ಯಪುಸ್ತಕ ತಂದಿದೆ. ಅದರಲ್ಲಿ ಚಿತ್ರದ ಜೊತೆ ಹಾಡು, ಕುಣಿತ, ನಾಟಕವೂ ಇದೆ. ತಂದೆತಾಯಿಗೆ ಇದನ್ನು ತೋರಿಸಬಹುದು.

ಮಾಟುಂಗ_ಮೇಷ್ಟ್ರು

ಗ್ರೇಡ್ ಪರೀಕ್ಷೆಗೆ ನಾನೂ ಮಕ್ಕಳನ್ನು ತಯಾರು ಮಾಡಿದ್ದೇನೆ, ಸರ್. ಅದರಲ್ಲಿ ಎದುರಿಗಿಟ್ಟ ವಸ್ತು ನೋಡಿ ಬಿಡಿಸುವುದಿದೆ, ನೆನಪಿನಿಂದ ಬಿಡಿಸುವುದಿದೆ, ಡಿಸೈನ್ ಇದೆ. ಏಳು ವರ್ಷಕ್ಕೆ ಹಾಗಲಕಾಯಿ ಮನಸ್ಸಿಟ್ಟು ನೋಡಿದ ಮಗು ಹದಿಮೂರಕ್ಕೆ ಹೂಜಿ, ಬಟ್ಟಲು ಬಿಡಿಸಲು ಹೆದರುವುದಿಲ್ಲ. ನೆನಪಿನ ಚಿತ್ರಕ್ಕೆ ನೆನಪಿನಲ್ಲಿ ಏನಾದರೂ ಇರಬೇಕಲ್ವಾ? ಪರೀಕ್ಷೆಯ ಅಳತೆ, ನಿಯಮ ಹೈಸ್ಕೂಲಿನಲ್ಲಿ ಕಲಿಯಲು ಸಮಯ ಧಾರಾಳ ಇದೆ.

ನಿಮ್ಮ ಮಗಳು ಗೆರೆ ದಾಟದೆ ಬಣ್ಣ ತುಂಬುತ್ತಾಳೆ ಅಂದ್ರಿ. ಅದು ಕೈ ಹಿಡಿತ, ಒಳ್ಳೆಯದೇ. ಆ ಗೆರೆಯನ್ನೂ ಅವಳೇ ಎಳೆಯುವ ಹಾಗಾಗಲಿ ಅಂತ ನನ್ನ ಆಸೆ.

ಕೆ.ಕೆ. ಹೆಬ್ಬಾರರ ರೇಖಾಚಿತ್ರ ಮಕ್ಕಳಿಗೆ ತೋರಿಸಿ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದವರು, ಇಲ್ಲೇ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು ಅಲ್ಲೇ ಪಾಠ ಮಾಡಿ, ಮುಂಬೈಯಲ್ಲೇ ಬಾಳಿದವರು. ಕುಣಿಯುವವರ ಮೈಯನ್ನು ಕೆಲವೇ ಗೆರೆಯಲ್ಲಿ ಹಿಡಿಯುತ್ತಿದ್ದರು. ಅದನ್ನು ಕಾಪಿ ಮಾಡಿಸಬೇಡಿ. ಚೆಂಡೆಯ ಧ್ವನಿ ಹಾಕಿ, ಅದು ನಿಧಾನ ಆದಾಗ ಕ್ರೇಯಾನ್ ನಿಧಾನ, ಜೋರಾದಾಗ ಜೋರು, ಕೈ ಎತ್ತದೆ ಹಾಳೆ ತುಂಬ ಗೆರೆ ಓಡಿಸಲಿ. ಆಮೇಲೆ ಹೆಬ್ಬಾರರ ಗೆರೆ ತೋರಿಸಿ. ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ.

ಕೋಥ್ರೂಡ್_ಅಮ್ಮ

ಮ್ಯೂಸಿಯಂಗೂ ಕರಕೊಂಡು ಹೋಗಿ ಅಕ್ಕ. ಆದರೆ ಇಡೀ ಮ್ಯೂಸಿಯಂ ಬೇಡ, ಒಂದು ಕೋಣೆ ಸಾಕು. ನಾವು ಇಲ್ಲಿ ರಾಜಾ ದಿನಕರ ಕೇಳಕರ್ ಮ್ಯೂಸಿಯಂಗೆ ಹೋದಾಗ ಅಡಕೊತ್ತುಗಳ ಮುಂದೆಯೇ ಕೂತುಬಿಟ್ಟೆವು. ಒಂದೊಂದಕ್ಕೂ ಒಂದೊಂದು ಆಕಾರ. ನಿಮಗೆ ಮುಂಬೈಯ ಕಾಲಾ ಘೋಡಾದಲ್ಲಿ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯವಿದೆ, ಅದರ ಆವರಣದಲ್ಲೇ ಮಕ್ಕಳ ಮ್ಯೂಸಿಯಂ ಇದೆ. ಪಕ್ಕದ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಟಿಕೆಟ್ ಇಲ್ಲ. ಅಲ್ಲಿ ಚಿತ್ರ ಬಿಡಿಸಿದವರೇ ಎಷ್ಟೋ ಸಲ ಎದುರಿಗೆ ಕೂತಿರುತ್ತಾರೆ. ಮಕ್ಕಳು ನೇರ ಹೋಗಿ ಕೇಳಲಿ, ಪ್ರೀತಿಯಿಂದ ಉತ್ತರ ಕೊಡುತ್ತಾರೆ.

ಮಾಟುಂಗ_ಮೇಷ್ಟ್ರು

ಗಣಪತಿ ಹಬ್ಬಕ್ಕೆ ಶಾಡು ಮಣ್ಣು, ಅಂದರೆ ಮೂರ್ತಿ ಮಾಡುವ ಜೇಡಿಮಣ್ಣು, ತರಿಸಿ, ಅಚ್ಚು ಮಾತ್ರ ಬೇಡ. ಕೈಕಾಲು ಬೇರೆ ಮಾಡಿ ಅಂಟಿಸಿದರೆ ಒಣಗುವಾಗ ಉದುರುತ್ತದೆ. ಒಂದೇ ಮುದ್ದೆಯಿಂದ ಸೊಂಡಿಲು, ಕಾಲು ಎಳೆದು ತೆಗೆಯಲು ಹೇಳಿಕೊಡಿ. ಅಂಟಿಸಲೇಬೇಕಾದರೆ ಎರಡೂ ಕಡೆ ಕಡ್ಡಿಯಿಂದ ಗೀರಿ, ನೀರಲ್ಲಿ ಕದಡಿದ ಮಣ್ಣು ಹಚ್ಚಿ ಒತ್ತಬೇಕು. ಬಿಸಿಲಿಗೆ ಇಡಬೇಡಿ, ಬಿರುಕು ಬಿಡುತ್ತದೆ.

ಠಾಣೆ_ಭಾನುವಾರ

ಎಲ್ಲರ ಕಾಲಿಗೂ ನಮಸ್ಕಾರ. ಇಷ್ಟು ಪ್ರೀತಿಯಿಂದ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಈ ಭಾನುವಾರ ಹಾಗಲಕಾಯಿ. "ಬರಲ್ಲ" ಅಂದ ಹುಡುಗಿಗೆ ಚೀಲ ಹಿಡಿದು ಎಲ್ಲರ ಹತ್ತಿರ ಹೋಗುವ ಕೆಲಸ ಕೊಡುತ್ತೇನೆ, ಆಮೇಲೆ ಎಲೆ ಉಜ್ಜುವುದು. ಅದರ ಮುಂದಿನ ವಾರ ಮೈಬಣ್ಣ ಕಲಸುವುದು. ಒಂದೇ ಚಿಂತೆ, ಈ ಮಳೆಯಲ್ಲಿ ಬಣ್ಣ ಹಚ್ಚಿದ ಹಾಳೆ ಒಣಗುವುದು ಹೇಗೆ?

ಡೊಂಬಿವಲಿ_ಲೋಕಲ್

ಮಳೆಗಾಲದಲ್ಲಿ ನೀರು ಜಾಸ್ತಿ ಬೇಡುವ ಕೆಲಸ ಕಮ್ಮಿ ಮಾಡಿ ಅಕ್ಕ. ಕ್ರೇಯಾನ್, ಕಾಗದ ಹರಿದು ಅಂಟಿಸುವುದು, ಉಜ್ಜುವುದು, ಮಣ್ಣು, ಇವು ಈಗ. ನೀರುಬಣ್ಣ ಅಕ್ಟೋಬರ್ ನಂತರ. ಪೋಸ್ಟರ್ ಕಲರ್ ಗಟ್ಟಿಯಾಗಿ ಕಲಸಿದರೆ ಫ್ಯಾನಿನ ಕೆಳಗೆ ಒಣಗುತ್ತದೆ, ಬಾಟಲಿ ಮುಚ್ಚಳ ಬಿಗಿಯಾಗಿ ಹಾಕಿಡಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಒದ್ದೆ ಹಾಳೆ ಒಂದರ ಮೇಲೊಂದು ಇಡಬೇಡಿ.

ಭಾನುವಾರ ನಾನೂ ಬರುತ್ತೇನೆ. ಡೊಂಬಿವಲಿಯಿಂದ ಠಾಣೆಗೆ ಎಷ್ಟು ಹೊತ್ತು? ಹಗ್ಗ, ಬಟ್ಟೆ ಕ್ಲಿಪ್ ನಾನು ತರುತ್ತೇನೆ, ಕಿಟಕಿಯಿಂದ ಕಿಟಕಿಗೆ ಕಟ್ಟಿ ನೇತುಹಾಕೋಣ. ಮನೆಯಲ್ಲಿ ಎರಡು ಫ್ಲೆಕ್ಸ್ ಕೂಡ ಇವೆ.

ಐರೋಲಿ_ಅಪ್ಪ

ಮೇಡಂ, ಐರೋಲಿಯಿಂದ ಠಾಣೆ ಹತ್ತಿರವೇ. ಮಗಳನ್ನು ಕರಕೊಂಡು ಬರಬಹುದಾ? ಹಾಗಲಕಾಯಿ ನಾನು ವಾಶಿ ಮಾರ್ಕೆಟ್‌ನಿಂದ ತರುತ್ತೇನೆ. ಹಣ್ಣಾದದ್ದೂ ಒಂದೆರಡು ಹುಡುಕುತ್ತೇನೆ.

ಠಾಣೆ_ಭಾನುವಾರ

ಖಂಡಿತ ಬನ್ನಿ ಸರ್. ಹತ್ತೂವರೆಗೆ ಶುರು. ಮಗಳಿಗೆ ಹಳೇ ಅಂಗಿ ಹಾಕಿಸಿ, ರಬ್ಬರ್ ಮನೆಯಲ್ಲೇ ಬಿಟ್ಟು ಬರಲಿ.